ರದ್ದಿಗೆ ಹೋಗುವ ಚಕ್ಕುಬಂದಿ

ಹಳೆಯ ಪತ್ರಿಕೆಗಳಲ್ಲಿ ಉಳಿಸಬೇಕಾದುದು ಅಗ್ರಲೇಖನ, ಕತೆ, ಕವಿತೆಗಳು ಮಾತ್ರ, ಮಿಕ್ಕುದೆಲ್ಲ ರದ್ದಿ ಎಂದು ವಾದಿಸುವ ಸಾಹಿತ್ಯಪ್ರಿಯರು ನಮ್ಮಲ್ಲಿ ಕಡಮೆಯಿಲ್ಲ. ಕನ್ನಡ ಪಾಠ ಹೇಳಿ ಜೀವನ ಸಾಗಿಸುವ ನಾನು ಈ ಮಾತನ್ನು ಒಪ್ಪಲಾರೆ. ಅವರು ರದ್ದಿಯೆನ್ನುವ ಪುಟದ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ, ಕೋರ್ಟಿನ ನೋಟೀಸುಗಳಿರುತ್ತವೆ. ದಫ್ತರ ಕಳೆದುಹೋದ ದಾವೆಗೆ ಹಲವು ವೇಳೆ ಉಳಿಯುವ ಕುರುಹು ಅದೊಂದೇ.

ದಫ್ತರ ಕಳೆಯುವುದು ಹೇಗೆ? ಶಿಕಾಗೋ ನಗರದಲ್ಲಿ 1871ರ ಬೆಂಕಿ ಕೋರ್ಟಿನ ದಾಖಲೆಗಳನ್ನೆಲ್ಲ ನುಂಗಿತು. ನಮ್ಮಲ್ಲಿ ಅಂಥ ಆರ್ಭಟ ಬೇಕಿಲ್ಲ. ಗೆದ್ದಲು ಉಂಟು, ಸೋರುವ ಸೂರು ಉಂಟು, ಇವೆರಡೂ ಸಾಲದೆಂಬಂತೆ ಕಾನೂನೂ ಉಂಟು. ಬೇಡವಾದ ಕಾಗದಗಳನ್ನು ನಾಶಮಾಡುವ ನಿಯಮ ರಚಿಸಲು 1917ರ ಅಧಿನಿಯಮವೇ ಉಚ್ಚ ನ್ಯಾಯಾಲಯಗಳಿಗೆ ಅಧಿಕಾರ ಕೊಟ್ಟಿತು. ಯಾರಿಗೆ ಬೇಡವಾದ ಕಾಗದ? ಅದನ್ನು ಹಳ್ಳಿಯ ಕಕ್ಷಿಗಾರನನ್ನು ಕೇಳಿ ನಿಶ್ಚಯಿಸುವುದಿಲ್ಲವಷ್ಟೆ.

ನಾನಿರುವ ಇಲವಾಲವನ್ನೇ ನೋಡಿ. ಹುಣಸೂರು ರಸ್ತೆಯ ಇಕ್ಕೆಲದ ಹೊಲಗಳು ಸೈಟುಗಳಾಗಿವೆ, ಆಗುತ್ತಿವೆ. ಗಡಿ ತೋರಿಸುತ್ತಿದ್ದ ಹುಣಿಸೆಮರ ಹೋಯಿತು, ಹಳ್ಳ ಮುಚ್ಚಿತು. ಹಳೆಯ ಹರಾಜು ನೋಟೀಸಿನ ಷೆಡ್ಯೂಲಿನಲ್ಲಾದರೋ ಸರ್ವೆ ನಂಬರು, ಖುಷ್ಕಿಯೋ ತರಿಯೋ, ಎಷ್ಟು ಎಕರೆ ಎಷ್ಟು ಗುಂಟೆ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಓಣಿ, ಎಲ್ಲವೂ ಚಕ್ಕುಬಂದಿ ಸಮೇತ ಅಚ್ಚಾಗಿರುತ್ತದೆ. ಮನುಷ್ಯರ ವಿಚಾರ ಇನ್ನೂ ದೊಡ್ಡದು. ವಿಭಾಗದ ದಾವೆಯ ನೋಟೀಸಿನಲ್ಲಿ 'ಬಿನ್' ಎಂದೂ 'ಕೋಂ' ಎಂದೂ ತಂದೆ, ಗಂಡಂದಿರ ಹೆಸರು ಹಿಡಿದು ಕುಟುಂಬವೇ ಸಾಲಾಗಿ ನಿಲ್ಲುತ್ತದೆ. ವಂಶವೃಕ್ಷ ಬರೆಸುವಾಗ ಗಂಡುಮಕ್ಕಳು ಬಿಟ್ಟುಬಿಡುವ ಅಕ್ಕತಂಗಿಯರು ಅಲ್ಲಿ ಐದನೆಯ, ಆರನೆಯ ಪ್ರತಿವಾದಿಗಳಾಗಿ ಸಿಕ್ಕುತ್ತಾರೆ. ಇಂಥ ಹೆಣ್ಣುಮಗಳೊಬ್ಬಳ ಮೊಮ್ಮಕ್ಕಳಿಗೆ ನಮ್ಮ ಅಗ್ರಲೇಖನಗಳಿಂದ ಆಗಬೇಕಾದುದೇನು?

ಇನ್ನು ಅತಿ ಉತ್ಸಾಹಿಗಳಿಗೂ ಒಂದು ಮಾತು. ನೋಟೀಸು ತೀರ್ಪಲ್ಲ. ಪ್ರತಿವಾದಿ ತಪ್ಪಿಸಿಕೊಂಡು ತಿರುಗುತ್ತಾನೆಂದೋ ಮಾಮೂಲು ಮಾರ್ಗದಲ್ಲಿ ಸಮನ್ಸು ಮುಟ್ಟಿಸಲಾಗದೆಂದೋ ಕೋರ್ಟಿಗೆ ಮನವರಿಕೆಯಾದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೆಯ ಆದೇಶದ 20ನೆಯ ನಿಯಮದಂತೆ ಬದಲಿ ಜಾರಿ ಮಾಡಿಸಬಹುದು; ಪತ್ರಿಕೆಯ ಪ್ರಕಟಣೆ ಅದರ ಒಂದು ಬಗೆ. ಸಮನ್ಸನ್ನು ಕೈಯಾರೆ ಪಡೆದವನ ದಾವೆ ಪತ್ರಿಕೆಗೆ ಬರುವ ಕಾರಣವೇ ಇಲ್ಲ. ಪತ್ರಿಕೆ ನಿಜವಾದ ಪತ್ರಿಕೆಯೆಂದು ಭಾವಿಸಲು 1872ರ ಸಾಕ್ಷ್ಯ ಅಧಿನಿಯಮದ 81ನೆಯ ಕಲಮು ಅವಕಾಶವಿತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಆದರೆ ಪತ್ರಿಕೆಯ ವರದಿ ತನ್ನಷ್ಟಕ್ಕೆ ಕೇಳಿದ ಮಾತಿಗೆ ಸಮವೆಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದೆ. ಹಾಗಾದರೆ ಪ್ರಯೋಜನವೇನೆಂದರೆ, ದಾವೆಯ ನಂಬರು, ವರ್ಷ, ಕೋರ್ಟಿನ ಹೆಸರು ಕೈಗೆ ಬಂದಮೇಲೆ ದಾವಾ ರಿಜಿಸ್ಟರನ್ನೋ, ಸಬ್‌ರಿಜಿಸ್ಟ್ರಾರರ ಕಚೇರಿಯನ್ನೋ, ವಕೀಲರ ಮನೆಯ ಅಟ್ಟವನ್ನೋ ಕೇಳಲು ಒಂದು ಎಳೆ ಸಿಕ್ಕಿತು. ಶಿಕಾಗೋದಲ್ಲಿ ಖಾಸಗಿಯವರು ಬರೆದಿಟ್ಟಿದ್ದ ಜಮೀನು ಹಕ್ಕಿನ ಸಾರಾಂಶ ಪುಸ್ತಕಗಳು ಬೆಂಕಿಯಿಂದ ಪಾರಾದಾಗ, ಅಂಥವನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಇಲಿನಾಯ್ ಸಂಸ್ಥಾನ 1872ರಲ್ಲಿ ಕಾಯಿದೆಯನ್ನೇ ಮಾಡಿತು. ನಮ್ಮವರು ಕಾಯಿದೆ ಮಾಡುವುದು ಹಾಗಿರಲಿ, ಕಾಗದವನ್ನಾದರೂ ಉಳಿಸಬೇಡವೆ?

ಬದಲಿ ಜಾರಿಗೆ ಪ್ರತಿವಾದಿ ಕೊನೆಗೆ ವಾಸವಿದ್ದ ಸ್ಥಳದಲ್ಲಿ ಪ್ರಚಾರವಿರುವ ದಿನಪತ್ರಿಕೆಯೇ ಆಗಬೇಕೆಂದು 1976ರ ತಿದ್ದುಪಡಿ ಹೇಳುತ್ತದೆ. ಎಂದರೆ ರಾಜಧಾನಿಯ ದೊಡ್ಡ ಪತ್ರಿಕೆಗಳಷ್ಟೇ ಜಿಲ್ಲೆಯ ಸಣ್ಣ ಪತ್ರಿಕೆಗಳೂ ಮುಖ್ಯ. ಅವೇ ಮೊದಲು ತಕ್ಕಡಿಗೆ ಬೀಳುವುದು. ಚಿತ್ರ ತೆಗೆದು ಯಂತ್ರದಲ್ಲಿ ತುಂಬಿದರೂ ಸಾಲದು. ಊರು, ಸರ್ವೆ ನಂಬರು, ಹೆಸರುಗಳ ಅಕಾರಾದಿ ಬೇಕು. ವರ್ಷ ವರ್ಷವೂ ಅದೇ ಹತ್ತು ಕವಿಗಳ ಮೇಲೆ ಅದೇ ಪ್ರಬಂಧ ಬರೆಸುವ ನಮ್ಮ ಕನ್ನಡ ವಿಭಾಗಗಳು, ಎಂ.ಎ. ವಿದ್ಯಾರ್ಥಿಯೊಬ್ಬನಿಗೆ ಒಂದು ವರ್ಷದ ಸಂಪುಟ ವಹಿಸಿಕೊಟ್ಟು ನೋಡಲಿ. ಆ ಅಕ್ಷರ ಓದಲು ಭೂತಗನ್ನಡಿ ಬೇಕಾದೀತು. ಅದನ್ನು ಕಾಲೇಜೇ ಕೊಡಿಸಲಿ.