ಕಣ್ರೆಪ್ಪೆಯ ಶಸ್ತ್ರಚಿಕಿತ್ಸೆಯೂ ದಸರೆಯ ರಜೆಯೂ

ದಸರೆಯ ರಜೆ ಸಮೀಪಿಸಿತೆಂದರೆ ಮುಂದೂಡಿದ ಕೆಲಸಗಳೆಲ್ಲ ಮನೆಮನೆಯಲ್ಲಿಯೂ ನೆನಪಿಗೆ ಬರುವುವು. ಹಲ್ಲು ಕೀಳಿಸುವುದು, ಕನ್ನಡಕ ಬದಲಾಯಿಸುವುದು ಇವುಗಳೊಡನೆ ಜೋತುಬಿದ್ದ ಕಣ್ರೆಪ್ಪೆಯ ಶಸ್ತ್ರಚಿಕಿತ್ಸೆಯನ್ನೂ ಆ ದಿನಗಳಿಗೇ ಗೊತ್ತುಮಾಡುವವರುಂಟು. ಮಕ್ಕಳ ಪಾಠ ತಪ್ಪದು, ಊದಿದ ಮುಖವನ್ನು ಕಂಡು ನಾಲ್ವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗದು ಎಂಬುದು ಅವರ ಎಣಿಕೆ. ಈ ಎಣಿಕೆಯಲ್ಲಿ ದೋಷವಿಲ್ಲ. ಆದರೆ ರಜೆಯವರೆಗೆ ಕಾಯಬಹುದಾದ ರೆಪ್ಪೆ ಯಾವುದು, ಕಾಯಬಾರದ ರೆಪ್ಪೆ ಯಾವುದು ಎಂಬ ವಿವೇಚನೆ ಮೊದಲು ಆಗತಕ್ಕದ್ದು.

ಈ ಚಿಕಿತ್ಸೆ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ೭೬ ನೇತ್ರರೋಗಗಳನ್ನು ಎಣಿಸಿ, ಅವುಗಳಲ್ಲಿ ೨೧ನ್ನು ವರ್ತ್ಮಕ್ಕೆ, ಎಂದರೆ ರೆಪ್ಪೆಗೆ ಸೇರಿಸಿದೆ. ರೆಪ್ಪೆಗೂದಲು ಒಳಮುಖವಾಗಿ ಕಣ್ಣನ್ನು ಚುಚ್ಚುವ ಪಕ್ಷ್ಮಕೋಪವೆಂಬ ರೋಗದಲ್ಲಿ, ಹುಬ್ಬಿನ ಕೆಳಗೆ ಜವೆಗೋಧಿಯ ಕಾಳಿನಾಕಾರದಲ್ಲಿ ಚರ್ಮವನ್ನು ಕತ್ತರಿಸಿ ಕೂದಲಿನಿಂದ ಹೊಲಿಯತಕ್ಕದ್ದೆಂದು ವಿಧಿಸಿ, ಹೊಲಿಯುವ ವೈದ್ಯನು ಎಚ್ಚರದಪ್ಪದಿರಬೇಕೆಂದೂ ಹೇಳಿದೆ. ಆ ಎಚ್ಚರವು ಮನೆಯವರಿಗೂ ಅವಶ್ಯ.

ಹುಟ್ಟಿದಂದಿನಿಂದಲೇ ಮಗುವಿನ ರೆಪ್ಪೆ ಜೋತು ಪಾಪೆಯನ್ನು ಮುಚ್ಚಿದ್ದರೆ ರಜೆಯ ಮಾತನ್ನೇ ಆಡಬಾರದು. ಎಳೆಯ ವಯಸ್ಸಿನಲ್ಲಿ ಸ್ಪಷ್ಟವಾದ ಬಿಂಬವನ್ನು ಕಾಣದ ಕಣ್ಣು ನೋಡುವುದನ್ನೇ ಕಲಿಯದೆ ಮಂದವಾಗುವುದು. ಬಾಲ್ಯ ಕಳೆದ ಮೇಲೆ ರೆಪ್ಪೆಯನ್ನು ಎತ್ತಿದರೂ ಆ ದೃಷ್ಟಿ ಪೂರ್ಣವಾಗಿ ಮರಳುವುದು ದುರ್ಲಭ. ದೊಡ್ಡವರಲ್ಲಿ ರೆಪ್ಪೆ ಇದ್ದಕ್ಕಿದ್ದಂತೆ ಇಳಿದು, ತೀವ್ರವಾದ ತಲೆನೋವು ಬಂದರೆ ಅಥವಾ ಒಂದು ವಸ್ತು ಎರಡಾಗಿ ಕಂಡರೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಬೆಳಗ್ಗೆ ನೆಟ್ಟಗಿದ್ದು ಸಂಜೆಗೆ ಇಳಿಯುವ ರೆಪ್ಪೆಯಾದರೋ ಸ್ನಾಯುಗಳ ಬೇರೊಂದು ರೋಗದ ಸೂಚನೆಯಾಗಿರಬಹುದು. ಅದಕ್ಕೆ ಕತ್ತಿಗಿಂತ ಮೊದಲು ಪರೀಕ್ಷೆ ಬೇಕು, ಔಷಧ ಬೇಕು.

ವಯಸ್ಸಿನಿಂದ ಸಡಿಲವಾದ ಚರ್ಮವು ಮೇಲುನೋಟಕ್ಕೆ ಅಡ್ಡವಾಗುತ್ತಿದ್ದರೆ, ವೈದ್ಯರ ಪರೀಕ್ಷೆಯಾದ ಬಳಿಕ ರಜೆಯವರೆಗೆ ಕಾಯುವುದರಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಆಗ ದಿನಗಳ ಲೆಕ್ಕ ಹೀಗೆ: ಊತವು ಮೊದಲ ಎರಡು ಮೂರು ದಿನ ಏರಿ ಬಳಿಕ ಇಳಿಯುವುದು, ಹೊಲಿಗೆಯನ್ನು ಸಾಧಾರಣವಾಗಿ ೫ರಿಂದ ೭ ದಿನಗಳಲ್ಲಿ ತೆಗೆಯುವರು, ನೀಲಿಗಟ್ಟಿದ ಕಲೆ ಮಾಸಲು ಎರಡು ವಾರ ಬೇಕು. ಆದುದರಿಂದ ಚಿಕಿತ್ಸೆಯು ರಜೆಯ ಆರಂಭದಲ್ಲಿಯೇ ಆಗಬೇಕು. ರಕ್ತವನ್ನು ತೆಳುಮಾಡುವ ಗುಳಿಗೆ, ರಕ್ತದೊತ್ತಡ, ಮಧುಮೇಹ ಇವುಗಳ ವಿಷಯವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು; ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಕೂಡದು.

ಈ ಲೆಕ್ಕದಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ಶಾಲೆಗೆ ರಜೆ ಬಂದಾಗ ಒಲೆಗೆ ರಜೆ ಬರುವುದಿಲ್ಲ. ಚಿಕಿತ್ಸೆ ಗೃಹಿಣಿಯದಾದರೆ, ಗೊಂಬೆಗಳನ್ನು ಕೂರಿಸುವುದು, ದಿನಕ್ಕೊಂದು ನೈವೇದ್ಯ, ನೆಂಟರ ಉಪಚಾರ ಎಲ್ಲವೂ ಆ ದಿನಗಳಲ್ಲಿಯೇ ಆಕೆಯ ತಲೆಯ ಮೇಲೆ ಬೀಳುವುವು. ಭಾರ ಎತ್ತುವುದು, ಬಹಳ ಹೊತ್ತು ಬಗ್ಗಿ ದುಡಿಯುವುದು, ಹೊಗೆಯ ಮುಂದೆ ಕೂರುವುದು ಮಾಯುವ ರೆಪ್ಪೆಗೆ ಹಿತವಲ್ಲ. ಹತ್ತು ದಿನ ಅಡಿಗೆಯನ್ನು ಯಾರು ಮಾಡುವರೆಂಬುದು ನಿಶ್ಚಯವಾಗದೆ ಚಿಕಿತ್ಸೆಯ ದಿನ ನಿಶ್ಚಯವಾಗಬಾರದು. ಗಂಡನೂ ಬೆಳೆದ ಮಕ್ಕಳೂ ಸೌಟು ಹಿಡಿಯಲಾರರಾದರೆ ಆ ಮನೆಗೆ ದಸರೆ ತಕ್ಕ ಕಾಲವಲ್ಲ. ಹಬ್ಬ ಕಳೆದು ನೆಂಟರು ಹೊರಟ ಬಳಿಕ ದಿನ ಗೊತ್ತುಮಾಡುವುದೇ ಲೇಸು.

ಮೊದಲೆರಡು ದಿನ ತಣ್ಣನೆಯ ಬಟ್ಟೆಯನ್ನು ಹಗುರವಾಗಿ ಇಡುವುದು, ತಲೆದಿಂಬನ್ನು ಎತ್ತರಿಸಿ ಮಲಗುವುದು ಹಿತಕರ. ಕಾಡಿಗೆ, ಹರಳೆಣ್ಣೆ, ಅರಿಸಿನ ಮೊದಲಾದ ಮನೆಮದ್ದನ್ನು ಗಾಯದ ಬಳಿಗೆ ತರಕೂಡದು. ತಡೆಯಲಾರದ ನೋವು, ಕಣ್ಣು ಮುಂದಕ್ಕೆ ಉಬ್ಬುವುದು, ದೃಷ್ಟಿ ಕುಂದುವುದು ಇವು ಅಪರೂಪ. ಆದರೆ ಕಂಡುಬಂದರೆ ನಡುರಾತ್ರಿಯಾದರೂ ಬೆಳಗಿಗಾಗಿ ಕಾಯದೆ ಆಸ್ಪತ್ರೆಗೆ ಧಾವಿಸತಕ್ಕದ್ದು.

ರಜೆ ಮುಗಿದ ದಿನವೇ ಕನ್ನಡಿಯ ಮುಂದೆ ನಿಂತು, ಒಂದು ರೆಪ್ಪೆ ಮೇಲಾಯಿತು, ಇನ್ನೊಂದು ಕೆಳಗಾಯಿತು ಎಂದು ಕೊರಗುವುದು ವ್ಯರ್ಥ. ಗಾಯದ ಗೆರೆ ಮೆತ್ತಗಾಗಿ ರೆಪ್ಪೆ ತನ್ನ ರೂಪಕ್ಕೆ ಬರಲು ತಿಂಗಳುಗಳೇ ಹಿಡಿಯುವುವು. ದಸರೆಯಲ್ಲಿ ಮಾಡಿಸಿಕೊಂಡವರು ಸಂಕ್ರಾಂತಿಯವರೆಗಾದರೂ ತಾಳ್ಮೆಯಿಂದಿರಲಿ.