ಬುತ್ತಿಗೆ ಬಂದ ದನ

ಖಂಡೇರಾಜುರಿಗೆ ಸಮೀಪದ ದಂಡೋಬಾ ಗುಡ್ಡಕ್ಕೆ ಮಕ್ಕಳೊಡನೆ ವನಭೋಜನಕ್ಕೆ ಹೋಗುವ ಪಾಲಕರು ಅಲ್ಲಿ ಮೇಯುವ ದನಗಳನ್ನೂ ಲೆಕ್ಕದಲ್ಲಿಡಬೇಕು. ಅವುಗಳನ್ನು ಬಿಡಾರಕ್ಕೆ ಸೆಳೆಯುವುದು ಉಪ್ಪು, ಹಿಟ್ಟು, ಹಣ್ಣಿನ ಸಿಪ್ಪೆ, ಮುಚ್ಚಿಡಿರಿ. ಸಿಪ್ಪೆ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಆಕಳು ಚೀಲಸಮೇತ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಕರಗದೆ ಉಳಿದು ಪ್ರಾಣಕ್ಕೇ ಎರವಾದೀತು. ಕರುವಿರುವ ಆಕಳಿನ ಬಳಿಗೆ ಮಕ್ಕಳನ್ನು ಬಿಡಬೇಡಿರಿ.

ದನ ಒಳನುಗ್ಗಿದರೆ ಹೊರದಾರಿ ತೆರವು ಮಾಡಿ, ಬದಿಯಿಂದ ನಿಧಾನವಾಗಿ ಅಟ್ಟಿರಿ, ದನಗಾಹಿಯನ್ನು ಕೂಗಿರಿ. ಕಲ್ಲೆಸೆಯುವುದೇ ಶೌರ್ಯವೆಂದು ತಿಳಿದವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಬೇಕೆಂದೇ ಜಾನುವಾರನ್ನು ಕೊಂದರೆ ಅಥವಾ ಅಂಗಹೀನಗೊಳಿಸಿದರೆ, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಂತೆ 5 ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಉಂಟು. “ನಮ್ಮ ರೊಟ್ಟಿ ತಿಂದಿತು” ಎಂಬ ವಾದ ನ್ಯಾಯಾಲಯದಲ್ಲಿ ನಿಲ್ಲದು.