ದೂತನ ಮೇಲಂಗಿ

ಮಧ್ಯಯುಗದ ಕೊನೆಯ ಸ್ಕಾಟ್ಲೆಂಡಿನಲ್ಲಿ ರಾಜದೂತನಿಗೆ ರಾಜಲಾಂಛನವುಳ್ಳ ಮೇಲಂಗಿಯೇ ರಕ್ಷಾಕವಚ. 1513ರಲ್ಲಿ ‘ಲಯನ್’ ಎಂಬ ಪದವಿಯ ದೂತಪ್ರಮುಖನು ನಾಲ್ಕನೆಯ ಜೇಮ್ಸ್ ದೊರೆಯ ಯುದ್ಧಾಹ್ವಾನವನ್ನು ಹೊತ್ತು, ಫ್ರಾನ್ಸಿನಲ್ಲಿ ಬೀಡುಬಿಟ್ಟಿದ್ದ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಪಾಳೆಯವನ್ನೇ ಹೊಕ್ಕನು. ಹೆನ್ರಿ ಕ್ರುದ್ಧನಾದರೂ ದೂತನಿಗೆ ಕೇಡೆಣಿಸದೆ ಉತ್ತರವಿತ್ತು ಕಳುಹಿದನು.

ಆದರೆ 1515ರಲ್ಲಿ ಲಾರ್ಡ್ ಡ್ರಮಂಡ್ ಎಂಬ ಸ್ಕಾಟಿಷ್ ಶ್ರೀಮಂತನು ಕರ್ತವ್ಯನಿರತನಾದ ‘ಲಯನ್’ನ ಮೇಲೆ ಕೈಮಾಡಿ ಸೆರೆಮನೆ ಸೇರಿದನು. ಒಂದು ಏಟಿಗೆ ಇಷ್ಟು ಶಿಕ್ಷೆಯೇ ಎಂದು ಕೆಲವರು ಕೇಳಬಹುದು. ಆ ಶಿಕ್ಷೆ ನ್ಯಾಯವಾದುದೇ. ದೂತನು ನುಡಿಯುವುದು ತನ್ನ ಮಾತನ್ನಲ್ಲ. ಅವನಿಗೆ ಅಭಯವಿಲ್ಲದಿದ್ದರೆ ಮಾತು ತರುವವರೇ ಇಲ್ಲವಾಗುವರು. ಬಳಿಕ ಉಳಿಯುವುದು ಕತ್ತಿಯೊಂದೇ. ವೈರಿಯೂ ಕಾಪಾಡಿದ ಮರ್ಯಾದೆಯನ್ನು ಸ್ವದೇಶೀಯನು ಮುರಿದುದು ಕ್ಷಮಾರ್ಹವಲ್ಲ.